ಕಣಜ ಬರಿದಾದ ರಾತ್ರಿ

‘ಸಾರ್, ರಾತ್ರಿ ಎಂಟಕ್ಕೆ ಉಂಡರೆ ಬೆಳಿಗ್ಗೆ ಎಂಟರವರೆಗೆ ನಾವು ಏನೂ ತಿನ್ನುವುದಿಲ್ಲ. ಆಗ ಮೆದುಳಿಗೆ ಗ್ಲೂಕೋಸ್ ಎಲ್ಲಿಂದ ಬರುತ್ತದೆ?’ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ.

ವಯಸ್ಕರ ಮೆದುಳಿಗೆ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬೇಕು. ಊಟವಿಲ್ಲದ ಹೊತ್ತಿನಲ್ಲಿ ಅದನ್ನು ಒದಗಿಸುವ ಹೊಣೆ ಯಕೃತ್ತಿನದು, ಅಂದರೆ ಲಿವರಿನದು. ಉಂಡಾಗ ಬಂದ ಗ್ಲೂಕೋಸಿನ ಒಂದು ಪಾಲನ್ನು ಅದು ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ. ಫ್ರಾನ್ಸಿನ ವಿಜ್ಞಾನಿ ಕ್ಲಾಡ್ ಬರ್ನಾರ್ಡ್ 1857ರಲ್ಲಿ ಇದನ್ನು ಬೇರ್ಪಡಿಸಿ ತೋರಿಸಿದರು. ಆದರೆ ಈ ಕಣಜದಲ್ಲಿರುವುದು ಸುಮಾರು 100 ಗ್ರಾಂ ಮಾತ್ರ. ಒಂದು ದಿನದ ಉಪವಾಸಕ್ಕೆ ಅದು ಬಹುಪಾಲು ಬರಿದಾಗುತ್ತದೆ. ಮಕ್ಕಳ ಕಣಜ ಇನ್ನೂ ಚಿಕ್ಕದು.

ದಾಸ್ತಾನು ಇಳಿಯುತ್ತಿದ್ದಂತೆ ಯಕೃತ್ತು ಲ್ಯಾಕ್ಟಿಕ್ ಆಮ್ಲ, ಅಮೈನೋ ಆಮ್ಲ, ಗ್ಲಿಸರಾಲ್‌ಗಳಿಂದ ಹೊಸ ಗ್ಲೂಕೋಸ್ ತಯಾರಿಸುತ್ತದೆ. ಇದು ಪುಕ್ಕಟೆ ಕೆಲಸವಲ್ಲ. ಲ್ಯಾಕ್ಟಿಕ್ ಆಮ್ಲದಿಂದ ಒಂದು ಗ್ಲೂಕೋಸ್ ಅಣು ಮಾಡಲು ಆರು ಎಟಿಪಿ ಅಣುಗಳಷ್ಟು ಶಕ್ತಿ ಬೇಕು. ಕೊಬ್ಬನ್ನು ಉರಿಸಿ ಯಕೃತ್ತು ಆ ಶಕ್ತಿಯನ್ನು ಪಡೆಯುತ್ತದೆ. ಎಟಿಪಿ ಕಡಿಮೆಯಾದರೆ ಎಎಂಪಿ ಎಂಬ ಅಣು ಹೆಚ್ಚಿ, ಗ್ಲೂಕೋಸ್ ತಯಾರಿಕೆಯ ಒಂದು ಮುಖ್ಯ ಕಿಣ್ವವನ್ನು ತಡೆಹಿಡಿಯುತ್ತದೆ. ತನ್ನ ಒಲೆಗೇ ಸೌದೆಯಿಲ್ಲದ ಮನೆ ನೆರೆಯವರಿಗೆ ಅಡುಗೆ ಮಾಡೀತೇ?

ಆ ಒಲೆ ಆರಿದರೆ ಏನಾಗುತ್ತದೆ ಎಂಬುದಕ್ಕೆ ಬಿಹಾರದಲ್ಲೊಂದು ನೋವಿನ ನಿದರ್ಶನವಿದೆ. ಲಿಚಿ ಹಣ್ಣಿಗೆ ಹೆಸರಾದ ಮುಜಫರ್‌ಪುರದಲ್ಲಿ ಬೇಸಿಗೆ ಬಂದರೆ ಮಕ್ಕಳು ಫಿಟ್ಸ್ ಬಂದು ಪ್ರಜ್ಞೆ ತಪ್ಪುತ್ತಿದ್ದರು. 2014ರಲ್ಲಿ ಅಲ್ಲಿನ ಎರಡು ಆಸ್ಪತ್ರೆಗಳಿಗೆ ಸೇರಿದ 390 ಮಕ್ಕಳಲ್ಲಿ 122 ಮಕ್ಕಳು ತೀರಿಕೊಂಡರು. ಹಲವರ ರಕ್ತದಲ್ಲಿ ಗ್ಲೂಕೋಸ್ ಕಡಿಮೆಯಿತ್ತು. 2017ರಲ್ಲಿ ಪ್ರಕಟವಾದ ಅಧ್ಯಯನ ಲಿಚಿಯಲ್ಲಿರುವ ಹೈಪೊಗ್ಲೈಸಿನ್ ಮತ್ತು ಅದರಂಥದೇ ಇನ್ನೊಂದು ವಿಷದತ್ತ ಬೊಟ್ಟು ಮಾಡಿತು. ಇವು ಕೊಬ್ಬು ಉರಿಯುವುದನ್ನೇ ತಡೆಯುತ್ತವೆ. ಲಿಚಿ ತಿಂದು ರಾತ್ರಿ ಉಣ್ಣದೆ ಮಲಗಿದ ಮಕ್ಕಳಲ್ಲಿ ಕಣಜವೂ ಬರಿದು, ಒಲೆಯೂ ಆರಿತು. ಮಕ್ಕಳು ಲಿಚಿ ತಿನ್ನುವುದು ಕಡಿಮೆಯಾಗಲಿ, ರಾತ್ರಿಯೂಟ ತಪ್ಪದಿರಲಿ, ಕಾಯಿಲೆ ಬಿದ್ದವರಿಗೆ ತಡಮಾಡದೆ ಗ್ಲೂಕೋಸ್ ಸಿಗಲಿ ಎಂಬುದು ತಜ್ಞರ ಸಲಹೆ.

ಆರೋಗ್ಯವಂತ ಮಗುವಿನ ಯಕೃತ್ತು ಒಂದು ರಾತ್ರಿಯನ್ನು ನಿಭಾಯಿಸುತ್ತದೆ, ಪೋಷಕರು ಗಾಬರಿಪಡಬೇಕಿಲ್ಲ. ಆದರೂ ಆಡಿ ದಣಿದು ಉಣ್ಣದೆ ನಿದ್ದೆಹೋದ ಮಗುವನ್ನು ಎಬ್ಬಿಸಿ ನಾಲ್ಕು ತುತ್ತು ಉಣಿಸುವ ಅಜ್ಜಿಯ ಹಟವನ್ನು ಹಳೆಯ ಕಾಲದ್ದೆಂದು ತಳ್ಳಿಹಾಕಬೇಡಿ.