ದೇವರು ಕೊಟ್ಟರೂ ಪೂಜಾರಿ ಕೊಡ

ಕಾಮರ್ಸ್ ಓದುವವರಿಗೆ ಹೃದಯವೇ ಇಲ್ಲ ಅಂತ ನಮ್ಮ ಬಳಗದ ಕವಿಮಿತ್ರರು ಛೇಡಿಸುವುದುಂಟು. ಇರಲಿ. ಆದರೆ ಕರುಣೆಗೂ ಒಂದು ಖಾತೆ ಪುಸ್ತಕ ಇರುತ್ತದೆ. ಅದನ್ನು ಓದಿ ಹೇಳುವವರೂ ಬೇಕಲ್ಲ!

2011ರಲ್ಲಿ ಸಿರಿಯಾ ಹೊತ್ತಿಕೊಂಡ ಮೇಲೆ ಲಕ್ಷಾಂತರ ಜನ ಪಕ್ಕದ ಜೋರ್ಡಾನಿಗೆ ಓಡಿಬಂದರು. ಕುಡಿಯುವ ನೀರಿಗೇ ತತ್ವಾರವಿರುವ ಪುಟ್ಟ ದೇಶ ಅದು. 2015ರಲ್ಲಿ ನಿರಾಶ್ರಿತರು ಯುರೋಪಿನ ಬಾಗಿಲನ್ನೇ ತಟ್ಟಿದಾಗ ಅಲ್ಲಿನ ಸರಕಾರಗಳಿಗೆ ಗಾಬರಿಯಾಯಿತು. ಇವರು ಅಲ್ಲೇ ಉಳಿದರೆ ವಾಸಿಯಲ್ಲವೇ? 2016ರ ಫೆಬ್ರುವರಿಯಲ್ಲಿ ಲಂಡನ್ನಿನಲ್ಲಿ ಮಾತಾಯಿತು: ಜೋರ್ಡಾನ್ ಸುಮಾರು 2 ಲಕ್ಷ ಸಿರಿಯನ್ನರಿಗೆ ದುಡಿಯುವ ಅವಕಾಶ ಮಾಡಿಕೊಡುವುದು, ಯುರೋಪು ಹಣದ ಜೊತೆಗೆ ತನ್ನ ಮಾರುಕಟ್ಟೆಯನ್ನೂ ತೆರೆಯುವುದು.

ತೆರೆದದ್ದು ಹೇಗೆ ನೋಡಿ. ಜುಲೈನಲ್ಲಿ ಬಂದ ನಿಯಮದಂತೆ 52 ಬಗೆಯ ಸರಕು ಮಾತ್ರ. 18 ಕೈಗಾರಿಕಾ ವಲಯಗಳಲ್ಲಿ ತಯಾರಾದದ್ದು ಮಾತ್ರ. ಕೆಲಸಗಾರರಲ್ಲಿ ನೂರಕ್ಕೆ 15 ಮಂದಿ ಸಿರಿಯನ್ನರಿರಬೇಕು, ಮೂರನೆಯ ವರ್ಷದಿಂದ 25. ಇಷ್ಟೆಲ್ಲ ಆದರೆ, ಹೊರಗಿನಿಂದ ಬಟ್ಟೆ ತರಿಸಿ ಹೊಲಿದ ಅಂಗಿಯನ್ನೂ ಜೋರ್ಡಾನಿನದೇ ಎಂದು ಒಪ್ಪಿ ಸುಂಕ ಬಿಡುತ್ತಾರೆ.

ಆದದ್ದೇನು? ವಲಯಗಳು ದೂರ, ಮಕ್ಕಳೊಂದಿಗರಾದ ಹೆಂಗಸರು ಅಷ್ಟು ದೂರ ಹೋಗಿಬರುವುದು ಹೇಗೆ? ಗಾರ್ಮೆಂಟ್ ಮಾಲೀಕರು ಆಗಲೇ ಅಮೆರಿಕಕ್ಕೆ ಸುಂಕವಿಲ್ಲದೆ ಮಾಲು ಕಳಿಸುತ್ತಿದ್ದರು. ಅವರ ಹೊಲಿಗೆ ಯಂತ್ರಗಳ ಮುಂದೆ ಕೂತವರು ಹೆಚ್ಚಾಗಿ ಬಾಂಗ್ಲಾ, ಶ್ರೀಲಂಕಾ, ನಮ್ಮ ಭಾರತದಿಂದ ಹೋದವರು. ಯುರೋಪಿನ ಈ ಸವಲತ್ತನ್ನು ಬಳಸಿಕೊಂಡ ಕಂಪನಿಗಳು ಮೊದಲೆರಡು ವರ್ಷ ಬೆರಳೆಣಿಕೆಯಷ್ಟೇ. 2018ರ ಕೊನೆಗೆ ಯುರೋಪೇ ಷರತ್ತು ಸಡಿಲಿಸಿ ಅವಧಿಯನ್ನು 2030ರವರೆಗೆ ಬೆಳೆಸಬೇಕಾಯಿತು.

ಷರತ್ತಾದರೂ ಇತ್ತಲ್ಲ, ಅದಿಲ್ಲದಿದ್ದರೆ ಪರ್ಮಿಟ್ಟೇ ಸಿಗುತ್ತಿರಲಿಲ್ಲ ಅನ್ನುವವರಿದ್ದಾರೆ. ಅದೂ ನಿಜವೇ. ಸಾವಿರಾರು ಮಂದಿ ಕದ್ದುಮುಚ್ಚಿ ದುಡಿಯುವುದು ತಪ್ಪಿತು. ಆದರೆ ಪರ್ಮಿಟ್ಟುಗಳಲ್ಲಿ ಹೆಚ್ಚಿನವು ಹೊಲದ ಕೆಲಸಕ್ಕೆ, ಕಟ್ಟಡದ ಕೆಲಸಕ್ಕೆ. ಯುರೋಪಿಗೆ ಹೋಗುವ ಅಂಗಿಗೂ ಅದಕ್ಕೂ ಏನು ಸಂಬಂಧ?

ನನಗೆ ತೋರುವುದಿಷ್ಟು. ತನ್ನ ಮನೆಗೆ ಬರಬೇಡಿ ಎಂದವನು ಪಕ್ಕದ ಮನೆಯವನಿಗೆ ಕೊಡುವ ಬಾಡಿಗೆಯನ್ನಾದರೂ ಧಾರಾಳವಾಗಿ ಕೊಡಬೇಕು. ಕೊಟ್ಟ ಹಾಗೂ ಕಾಣಬೇಕು, ತನ್ನ ಗಿರಣಿಗಳಿಗೆ ಪೆಟ್ಟೂ ಬೀಳಬಾರದು ಅಂದರೆ ಅದು ವ್ಯಾಪಾರ. ವ್ಯಾಪಾರ ತಪ್ಪಲ್ಲ, ನಾನೂ ಅದನ್ನೇ ಓದುತ್ತಿದ್ದೇನೆ. ಆದರೆ ಅದನ್ನು ದಾನದ ಖಾತೆಯಲ್ಲಿ ಬರೆಯುವುದು ಮಾತ್ರ ಕಳ್ಳಲೆಕ್ಕ.