ಬಿದ್ದ ವಾಡೆಯ ಜಾಗದಲ್ಲಿ

ಪುಣೆಯ ಸದಾಶಿವ ಪೇಠದಲ್ಲಿ ನಮ್ಮ ಗಲ್ಲಿಯ ನಡುವೆ ಸುಮಾರು ಆರು ಗುಂಟೆ ಜಾಗ ನಾಲ್ಕು ಮಳೆಗಾಲಗಳಿಂದ ಖಾಲಿ ಬಿದ್ದಿದೆ. ಅಲ್ಲಿ ಒಂದು ವಾಡೆಯಿತ್ತು. ಮೊದಲು ಹಿಂಬದಿಯ ಗೋಡೆ ಕುಸಿಯಿತು, ಆಮೇಲೆ ಉಳಿದದ್ದನ್ನು ಅಪಾಯಕಾರಿಯೆಂದು ಕೆಡವಿದರು. ಈಗ ಉಳಿದಿರುವುದು ಕಲ್ಲಿನ ಪಾಯ, ಮುಚ್ಚಿದ ಒಂದು ಬಾವಿ, ತಗಡಿನ ಬೇಲಿ. ವಾಡೆಯಲ್ಲಿದ್ದ 14 ಬಾಡಿಗೆದಾರ ಕುಟುಂಬಗಳು ಊರಿನ ನಾಲ್ಕು ದಿಕ್ಕಿಗೆ ಚದುರಿವೆ. ಅವರಲ್ಲಿ ಮೂರು ಮನೆಯವರು ನಮ್ಮವರೇ, ವಿಜಯಪುರ, ಬಾಗಲಕೋಟೆಗಳ ಕಡೆಯಿಂದ ಎರಡು ತಲೆಮಾರಿನ ಹಿಂದೆ ಬಂದವರು.

ಈ ಜಾಗದಲ್ಲಿ ಏನು ಕಟ್ಟಬೇಕು ಎಂಬುದರ ಬಗ್ಗೆ ನನಗೊಂದು ಅಭಿಪ್ರಾಯವಿದೆ. ಅದನ್ನು ಹೇಳುವ ಮೊದಲು ನನ್ನ ಹಿತಾಸಕ್ತಿಯನ್ನೂ ಹೇಳಿಬಿಡುತ್ತೇನೆ. ನನ್ನ ಅಡುಗೆಮನೆಯ ಕಿಟಕಿಗೆ ಬೆಳಕು ಬರುವುದು ಈ ಜಾಗದ ಕಡೆಯಿಂದ. ಅಲ್ಲಿ ಎತ್ತರದ ಕಟ್ಟಡ ಬಂದರೆ ಹಗಲಿನಲ್ಲೂ ನಾನು ದೀಪ ಹಚ್ಚಬೇಕಾದೀತು. ಆದ್ದರಿಂದ ನನ್ನ ಮಾತನ್ನು ನಿಷ್ಪಕ್ಷಪಾತವೆಂದು ಯಾರೂ ಭಾವಿಸಬೇಕಾಗಿಲ್ಲ. ಲೆಕ್ಕ ಸರಿಯಿದೆಯೇ ಎಂದಷ್ಟೇ ನೋಡಿದರೆ ಸಾಕು.

ಬಿಲ್ಡರರೊಬ್ಬರು ತಂದಿರುವ ನಕ್ಷೆಯಲ್ಲಿ ಕೆಳಗಿನ ಎರಡು ಅಂತಸ್ತು ವಾಹನಗಳಿಗೆ, ಅದರ ಮೇಲೆ ಏಳು ಅಂತಸ್ತು, ಒಟ್ಟು 28 ಫ್ಲ್ಯಾಟುಗಳು. ಬಾಡಿಗೆದಾರರಿಗೆ 14, ಒಡೆಯರಾದ ಮೂವರು ಅಣ್ಣತಮ್ಮಂದಿರಿಗೆ ಮೂರು ಮತ್ತು ಒಂದಿಷ್ಟು ನಗದು, ಉಳಿದ 11 ಮಾರಾಟಕ್ಕೆ. ಇದರಲ್ಲಿ ಮೋಸವೇನೂ ಇಲ್ಲ. ಪೇಠಗಳಲ್ಲಿ ಹಳೆಯ ವಾಡೆಗಳು ಹೊಸ ಕಟ್ಟಡಗಳಾಗುತ್ತಿರುವುದು ಬಹುಮಟ್ಟಿಗೆ ಹೀಗೆಯೇ. 1947ರ ಮುಂಬಯಿ ಬಾಡಿಗೆ ಕಾಯಿದೆ ಬಾಡಿಗೆಯನ್ನು ಕಟ್ಟಿಹಾಕಿತು. 1999ರ ಹೊಸ ಕಾಯಿದೆಯೂ ಹಳೆಯ ಬಾಡಿಗೆದಾರರ ರಕ್ಷಣೆಯನ್ನು ಮುಂದುವರಿಸಿತು. ಬಾಡಿಗೆದಾರನಿಗೆ ನೆಲೆ ಸಿಕ್ಕಿತು, ಆದರೆ ಬರುವ ಬಾಡಿಗೆಯಲ್ಲಿ ಹಂಚು ಹೊದಿಸುವುದೂ ಒಡೆಯನಿಗೆ ಸಾಧ್ಯವಾಗಲಿಲ್ಲ. ವಾಡೆಗಳು ಬಿದ್ದದ್ದು ಮಳೆಯಿಂದಲ್ಲ, ಈ ಲೆಕ್ಕದಿಂದ. ಈಗ ಎಫ್‌ಎಸ್‌ಐ ಎಂಬ ಇನ್ನೊಂದು ಲೆಕ್ಕ ಅವುಗಳ ಜಾಗವನ್ನು ತುಂಬುತ್ತಿದೆ. ನಿವೇಶನದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದೆಂಬುದನ್ನು ಇಲ್ಲಿ ಎಫ್‌ಎಸ್‌ಐ ಎನ್ನುತ್ತಾರೆ, ಬೆಂಗಳೂರಿನಲ್ಲಿ ಎಫ್‌ಎಆರ್ ಎನ್ನುತ್ತಾರೆ. ಹೆಸರು ಬೇರೆಯಾದರೂ ಆಸೆ ಒಂದೇ.

ಆ ನಕ್ಷೆಯಲ್ಲಿ ನನ್ನನ್ನು ಕಾಡಿದ್ದು ಅದರ ಎತ್ತರಕ್ಕಿಂತ ಅದರ ಬುಡ. ಗಲ್ಲಿಯ ಮಟ್ಟದಲ್ಲಿ ಒಂದೇ ಒಂದು ಮನೆಯ ಬಾಗಿಲೂ ಇಲ್ಲ. ಅರವತ್ತು ಅಡಿ ಉದ್ದಕ್ಕೆ ಕಬ್ಬಿಣದ ಗೇಟು, ಕಾರುಗಳ ಮೂತಿ, ಕಾವಲುಗಾರನ ಪ್ಲಾಸ್ಟಿಕ್ ಕುರ್ಚಿ. ವಾಡೆಯಿದ್ದಾಗ ಅದೇ ಅರವತ್ತು ಅಡಿಯಲ್ಲಿ ಹಿಟ್ಟಿನ ಗಿರಣಿಯೊಂದು, ಹೊಲಿಗೆಯವರೊಬ್ಬರು, ದಿಂಡಿ ಬಾಗಿಲು, ಅದರ ಪಕ್ಕ ಸಂಜೆ ಕೂಡುವ ಕಟ್ಟೆ ಇದ್ದವು. ರಾತ್ರಿ ಹತ್ತಕ್ಕೆ ಹೆಣ್ಣುಮಕ್ಕಳು ಕ್ಲಾಸು ಮುಗಿಸಿ ಒಬ್ಬರೇ ನಡೆದು ಬರುತ್ತಿದ್ದುದು ಆ ಕಟ್ಟೆಯ ಭರವಸೆಯ ಮೇಲೆ. ಪೇಠದ ಗಲ್ಲಿ ಅಗಲದಲ್ಲಿ ಬಡವಾದದ್ದು. ಅದಕ್ಕಿರುವ ಆಸ್ತಿಯೆಂದರೆ ಬಾಗಿಲುಗಳು. ಒಂದೊಂದು ವಾಡೆ ಹೀಗೆ ಗೇಟಾಗುತ್ತ ಹೋದರೆ ಉಳಿಯುವುದು ಎರಡು ಗೋಡೆಗಳ ನಡುವಿನ ಸಂದು.

ಅದಕ್ಕಾಗಿ ಪರಿಚಯದ ವಾಸ್ತುಶಿಲ್ಪಿಯೊಬ್ಬರೊಡನೆ ಕೂತು ಬೇರೊಂದು ನಕ್ಷೆ ಹಾಕಿದೆವು. ಪುಣೆಯಲ್ಲಿ ರೋ ಹೌಸ್ ಎಂಬ ಮಾತು ಮನೆಮಾತು. ಆದರೆ ಅದನ್ನು ಕೇಳಿದೊಡನೆ ಕಣ್ಣಿಗೆ ಬರುವುದು ಊರ ಹೊರಗಿನ ಬಂಗಲೆಗಳಂಥ ಸಾಲು. ನಾವು ಯೋಚಿಸಿದ್ದು ಅದಕ್ಕಿಂತ ವಠಾರಕ್ಕೆ ಹತ್ತಿರವಾದದ್ದು. ಜಾಗದ ಅಗಲ 60 ಅಡಿ, ಆಳ 110 ಅಡಿ. ಎರಡು ಬದಿಗೆ ಸುಮಾರು ಮೂರೂವರೆ ಅಡಿಯಂತೆ ಬಿಟ್ಟು, ನಡುವೆ 17 ಅಡಿ ಅಗಲದ ಅಂಗಳ, ಅದರ ಎರಡೂ ಕಡೆ 18 ಅಡಿ ಆಳದ ಮನೆಗಳ ಸಾಲು. ಒಂದೊಂದು ಸಾಲಿನಲ್ಲಿ 16 ಅಡಿ ಅಗಲದ ಆರು ಅಂಕಣ. ಗಲ್ಲಿಯ ಕಡೆ ಹತ್ತು ಅಡಿ ತೆರವು, ಹಿಂದೆ ನಾಲ್ಕು ಅಡಿ. ಮೂರೇ ಅಂತಸ್ತು. ಮನೆಯ ಆಳ ಕಡಿಮೆಯಾದ್ದರಿಂದ ಹಿಂದಿನ ಕಿಟಕಿಯ ಗಾಳಿ ಮುಂದಿನ ಬಾಗಿಲಿಗೆ ಬರುತ್ತದೆ. ಬಾವಿಯನ್ನು ತೆರೆದು ಮಳೆನೀರು ಇಂಗಿಸುವುದಕ್ಕೆ ಬಳಸಬಹುದು. ಪೇಶ್ವೆಯರ ಕಾಲದಲ್ಲಿ ಕಾತ್ರಜದ ಕೆರೆಯಿಂದ ಕಾಲುವೆಯ ಮೂಲಕ ಬಂದ ನೀರು ಈ ಪೇಠಗಳ ಹೌದುಗಳಲ್ಲಿ ತುಂಬುತ್ತಿತ್ತು; ನೀರನ್ನು ಹಂಚಿಕೊಂಡು ಬಾಳುವುದು ಇಲ್ಲಿಯ ನೆಲಕ್ಕೆ ಹೊಸದಲ್ಲ.

ಈ ನಕ್ಷೆಯನ್ನು ಹಿಡಿದು ಮೊದಲು ಹೋದದ್ದು ವಾಡೆಯ ಅತ್ಯಂತ ಹಳೆಯ ಬಾಡಿಗೆದಾರಳಾದ ಅಜ್ಜಿಯ ಬಳಿಗೆ. ಈಗ ಅವಳು ಮಗನ ಜೊತೆ ಧಾಯರಿಯಲ್ಲಿದ್ದಾಳೆ. ನಾನು ಅಂಗಳದ ವರ್ಣನೆ ಮುಗಿಸುವುದರೊಳಗೆ ಅವಳು ತಡೆದಳು: “ಅಂಗಳ ನಿಮಗ ಚಂದ ಕಾಣತದ ತಮ್ಮಾ. ಆ ಅಂಗಳದಾಗ ನಲವತ್ತು ವರ್ಷ ಕೊಡ ಹಿಡಕೊಂಡು ಸರತಿ ನಿಂತಾಕಿ ನಾನು. ರಾತ್ರಿ ಕಂದೀಲು ಹಿಡಕೊಂಡು ಪಾಯಖಾನಿಗೆ ಹೋದಾಕಿ ನಾನು. ನನಗ ಮನಿಯೊಳಗ ಪಾಯಖಾನಿ ಬೇಕು, ಲಿಫ್ಟು ಬೇಕು. ನಿಮ್ಮ ಅಂಗಳ ನೀವ ಇಟ್ಟುಕೋರಿ.”

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ವಾಡೆ, ವಠಾರ, ತೊಟ್ಟಿಮನೆಗಳ ಬಗ್ಗೆ ನಾವು ಹೊರನಾಡಿನಲ್ಲಿ ಕೂತು ಬರೆಯುವ ಲೇಖನಗಳಲ್ಲಿ ಸರತಿಯೂ ಇಲ್ಲ, ಕಂದೀಲೂ ಇಲ್ಲ. ಜಗಲಿಯ ತಂಪು ಮಾತ್ರ ಇದೆ. ನನ್ನ ಹಳೆಯ ಲೇಖನಗಳೂ ಇದಕ್ಕೆ ಹೊರತಲ್ಲ.

ಮರಳಿ ಬಂದು ನಕ್ಷೆಯನ್ನು ತಿದ್ದಿದೆವು. ಮೂರಂತಸ್ತಿನ ರೋ ಹೌಸಿನ ದೊಡ್ಡ ದೋಷವೇ ಅದರ ಮೆಟ್ಟಿಲು. ಅಡುಗೆ ಕೆಳಗೆ, ಹಾಸಿಗೆ ಮೇಲೆ, ಮೊಣಕಾಲು ನಡುವೆ. ಆದ್ದರಿಂದ ಒಂದೊಂದು ಅಂಕಣವನ್ನೂ ಎರಡು ಮನೆಗಳಾಗಿ ಒಡೆದೆವು. ನೆಲಮಟ್ಟದಲ್ಲಿ ಸುಮಾರು 250 ಚದರಡಿಯ ಕೆಳಮನೆ, ಅದಕ್ಕೆ ಒಳಗೇ ಸ್ನಾನ, ಶೌಚ, ಹೊಸ್ತಿಲಿಲ್ಲದ ಬಾಗಿಲು. ಅದರ ಮೇಲೆ ಎರಡಂತಸ್ತಿನ ಮೇಲ್ಮನೆ, ಅದಕ್ಕೆ ಅಂಗಳದಿಂದಲೇ ಪ್ರತ್ಯೇಕ ಮೆಟ್ಟಿಲು. 12 ಅಂಕಣಕ್ಕೆ 24 ಮನೆ, 24 ಬಾಗಿಲು, ಎಲ್ಲವೂ ನೆಲಕ್ಕೆ ತೆರೆಯುವಂಥವು. 250 ಚದರಡಿ ಹೆಚ್ಚೇನಲ್ಲ, ನಿಜ. ಆದರೆ ವಾಡೆಯಲ್ಲಿ ಅಜ್ಜಿಗಿದ್ದ ಎರಡು ಕೋಣೆಗಿಂತ ಕಡಿಮೆಯೂ ಅಲ್ಲ. ಗಲ್ಲಿಗೆ ತಾಗಿದ ಎರಡು ಕೆಳಮನೆಗಳು ಬೇಕಾದರೆ ಅಂಗಡಿಗಳಾಗಬಹುದು.

ಇನ್ನು ಹಣದ ಮಾತು. ಸಣ್ಣ ಮನೆಗಳ ಪರವಾಗಿ ಮಾತಾಡುವವರು ಸಾಮಾನ್ಯವಾಗಿ ಇಲ್ಲಿಗೆ ಬಂದಾಗ ಸೌಂದರ್ಯದ ಕಡೆಗೆ ಹೊರಳುತ್ತಾರೆ. ಬಾಡಿಗೆದಾರನಿಗೆ ಬಿಲ್ಡರ್ ಮನೆಯನ್ನು ಪುಕ್ಕಟೆ ಕೊಡುವುದು ಮೇಲಿನ 11 ಫ್ಲ್ಯಾಟುಗಳನ್ನು ಮಾರುತ್ತಾನೆಂದು. ಎತ್ತರವನ್ನು ತೆಗೆದರೆ ಆ ಪುಕ್ಕಟೆಯೂ ಹೋಗುತ್ತದೆ ಎಂಬುದು ಗಂಭೀರ ಆಕ್ಷೇಪ. ನಮ್ಮ ನಕ್ಷೆಯ ಒಟ್ಟು ಕಟ್ಟೋಣ ಸುಮಾರು 10,400 ಚದರಡಿ. ಚದರಡಿಗೆ 2,500 ರೂಪಾಯಿ ಹಿಡಿದರೆ 2 ಕೋಟಿ 60 ಲಕ್ಷ. ಹತ್ತು ಬಾಡಿಗೆದಾರರಿಗೆ ಕೆಳಮನೆ. ದೊಡ್ಡದು ಬೇಕೆನ್ನುವ ನಾಲ್ವರಿಗೆ ಮೇಲ್ಮನೆ, ಹೆಚ್ಚಿನ ವೆಚ್ಚ ಅವರದೇ. ಅಣ್ಣತಮ್ಮಂದಿರಿಗೆ ಎರಡು ಕೆಳಮನೆ, ನಾಲ್ಕು ಮೇಲ್ಮನೆ. ಮಿಕ್ಕ ನಾಲ್ಕು ಮೇಲ್ಮನೆಗಳನ್ನು ಮಾರಿದರೆ ಈ ಪೇಠದ ದರದಲ್ಲಿ ಕಟ್ಟುವ ವೆಚ್ಚದ ದೊಡ್ಡ ಪಾಲು ಹುಟ್ಟುತ್ತದೆ. ಅಂದರೆ ಲೆಕ್ಕ ಕೂಡುತ್ತದೆ. ಕೂಡದಿರುವುದು ಬಿಲ್ಡರನ ಲಾಭ ಮತ್ತು ಅಣ್ಣತಮ್ಮಂದಿರ ನಗದು. ಅವರಿಗೆ ನಗದಿನ ಬದಲು ಬಾಡಿಗೆ ತರುವ ಮನೆಗಳು ಸಿಗುತ್ತವೆ. ಅದನ್ನು ಅವರು ಒಪ್ಪಬಹುದು, ಒಪ್ಪದಿರಬಹುದು.

ನಿಜವಾದ ತೊಡಕೆಂದರೆ ಮನೆ ಮಾರಿದ ಹಣ ಬರುವುದು ಕಟ್ಟಿದ ಮೇಲೆ, ಸಿಮೆಂಟಿನ ಹಣ ಬೇಕಾಗುವುದು ಅದಕ್ಕೂ ಮೊದಲು. ಆ ಎರಡು ವರ್ಷಗಳ ಹೊಣೆಯನ್ನು ಯಾರು ಹೊರಬೇಕು? ಬಿಲ್ಡರ್ ಲಾಭ ತೆಗೆಯುವುದು ಇಟ್ಟಿಗೆಯ ಮೇಲಲ್ಲ, ಈ ಹೊಣೆಯ ಮೇಲೆ.

ಹೊರನಾಡಿನ ಕನ್ನಡ ಸೀಮೆಯವರು ಈ ಪ್ರಶ್ನೆಗೆ ಹಿಂದೊಮ್ಮೆ ಉತ್ತರ ಕೊಟ್ಟಿದ್ದಾರೆ. ಕೆನರಾದಿಂದ ಮುಂಬಯಿಗೆ ಬಂದ ಸಾರಸ್ವತರಿಗೆ ಆ ನಗರದಲ್ಲಿ ಮನೆ ಸಿಗುವುದು ಕಷ್ಟವಾಗಿತ್ತು. ಶ್ರೀಪಾದ ಸುಬ್ಬರಾವ್ ತಲ್ಮಕಿಯವರು 1906ರಲ್ಲಿ ಮೊದಲು ಶಾಮರಾವ್ ವಿಠಲ್ ಸಹಕಾರಿ ಬ್ಯಾಂಕಿನ ಸ್ಥಾಪನೆಗೆ ಕಾರಣರಾದರು, ಅನಂತರ 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ಹುಟ್ಟಿತು. ಕಟ್ಟಡದ ಒಡೆತನ ಸಂಘದ್ದು, ವಾಸಿಸುವವರು ಸಂಘದ ಸದಸ್ಯರು. ಬೆಂಗಳೂರಿನಲ್ಲಿ ಅದಕ್ಕೂ ಮೊದಲೇ, 1909ರಲ್ಲಿ, ಮನೆ ಕಟ್ಟುವ ಸಹಕಾರಿ ಸಂಘವೊಂದು ಹುಟ್ಟಿತ್ತು. ನನಗೆ ಮುಖ್ಯವೆನಿಸುವುದು ಅನುಕ್ರಮ: ಮುಂಬಯಿಯಲ್ಲಿ ಮೊದಲು ಸಾಲದ ವ್ಯವಸ್ಥೆ, ಆಮೇಲೆ ಮನೆ. ಇವತ್ತು ನಮ್ಮ ಕನ್ನಡ ಸಂಘಗಳಿಗೆ ಸಭಾಭವನಗಳಿವೆ, ಠೇವಣಿಗಳಿವೆ, ಯಕ್ಷಗಾನಕ್ಕೆ ಪ್ರಾಯೋಜಕರಿದ್ದಾರೆ. ಮನೆಯ ವಿಚಾರವನ್ನು ಮಾತ್ರ ನಾವು ಪೂರ್ತಿಯಾಗಿ ಬಿಲ್ಡರನಿಗೆ ಬಿಟ್ಟುಕೊಟ್ಟಿದ್ದೇವೆ. 2019ರಲ್ಲಿ ಮಹಾರಾಷ್ಟ್ರ ಸರಕಾರ ಸ್ವಯಂ-ಪುನರ್ವಿಕಾಸವನ್ನು ಉತ್ತೇಜಿಸುವ ನಿರ್ಣಯ ಹೊರಡಿಸಿದೆ. ಆದರೆ ಅದು ಗೃಹನಿರ್ಮಾಣ ಸಂಘಗಳಿಗೆ. ಬಿದ್ದ ವಾಡೆಯ ಬಾಡಿಗೆದಾರರು ಸಂಘವಲ್ಲ. ಅವರು ಮೊದಲು ಸಂಘವಾಗಬೇಕು, ಒಡೆಯರು ಅದರೊಳಗೆ ಬರಬೇಕು. ನಕ್ಷೆಗಿಂತ ಈ ಕೆಲಸ ಕಷ್ಟದ್ದು.

ರೂಪದ ವಿಷಯದಲ್ಲಿಯೂ ಕಲಿಯಬೇಕಾದದ್ದು ಹತ್ತಿರದಲ್ಲೇ ಇದೆ. ನವಿ ಮುಂಬಯಿಯ ಬೇಲಾಪುರದಲ್ಲಿ ಚಾರ್ಲ್ಸ್ ಕೊರಿಯಾ ಅವರು 1980ರ ದಶಕದಲ್ಲಿ ಸಿಡ್ಕೋಗಾಗಿ ರೂಪಿಸಿದ ಬಡಾವಣೆ ಅದು. ಎಂಟು ಮೀಟರ್ ಚೌಕದ ಅಂಗಳದ ಸುತ್ತ ಏಳು ಮನೆ, ಅಂಥ ಗುಂಪುಗಳು ಸೇರಿ ದೊಡ್ಡ ಅಂಗಳ. ಎತ್ತರವಿಲ್ಲದೆಯೇ ಹೆಕ್ಟೇರಿಗೆ 500 ಜನರನ್ನು ನೆಲೆಗೊಳಿಸಬಹುದೆಂದು ಅವರು ತೋರಿಸಿದರು. ಪಕ್ಕದ ಮನೆಯೊಡನೆ ಗೋಡೆ ಹಂಚಿಕೊಳ್ಳದಂತೆ ಪ್ರತಿ ಮನೆಯನ್ನೂ ಬಿಡಿಯಾಗಿ ಇಟ್ಟದ್ದು ಅಲ್ಲಿಯ ಜಾಣತನ. ಯಾರು ಬೇಕಾದರೂ ತಮ್ಮ ಮನೆಯನ್ನು ತಮ್ಮ ಅನುಕೂಲಕ್ಕೆ ಬೆಳೆಸಬಹುದು. ಜನ ಬೆಳೆಸಿದರು ಕೂಡ, ಹಲವರು ಹಳೆಯದನ್ನು ಕೆಡವಿ ಕಾಂಕ್ರೀಟಿನ ಮನೆ ಎಬ್ಬಿಸಿದರು. ಆರು ಗುಂಟೆಯಲ್ಲಿ ಆ ಸ್ವಾತಂತ್ರ್ಯಕ್ಕೆ ಎಡೆಯಿಲ್ಲ. ಇಲ್ಲಿ ನಡುಗೋಡೆ ಇಬ್ಬರದು, ಕೊಳವೆ ಹನ್ನೆರಡು ಮನೆಯದು. ಮೇಲ್ಮನೆಯ ಸ್ನಾನದ ನೀರು ಕೆಳಮನೆಯ ಗೋಡೆಯಲ್ಲಿ ಇಳಿದರೆ ರಿಪೇರಿ ಯಾರದು, ತಾರಸಿಯ ಮೇಲೆ ಕೋಣೆ ಎಬ್ಬಿಸಬಹುದೇ, ಅಂಗಳದಲ್ಲಿ ಕಾರು ನಿಲ್ಲಿಸಿದವನಿಗೆ ಏನು ದಂಡ, ಇವನ್ನೆಲ್ಲ ಪಾಯ ತೋಡುವ ಮೊದಲೇ ಕಾಗದದ ಮೇಲೆ ಬರೆದಿಡಬೇಕು.

ಕಾರಿನ ಮಾತು ಬಂತು. ನಮ್ಮ ನಕ್ಷೆಯಲ್ಲಿ ಕಾರಿಗೆ ಜಾಗವಿಲ್ಲ. ಮುಂದಿನ ಹತ್ತು ಅಡಿಯಲ್ಲಿ ಸ್ಕೂಟರುಗಳು ನಿಲ್ಲುತ್ತವೆ, ಅಷ್ಟೇ. ನಿಯಮ ಇದನ್ನು ಸುಲಭವಾಗಿ ಬಿಡದು, ವಿನಾಯಿತಿ ಕೇಳಬೇಕಾಗುತ್ತದೆ. ಆ 14 ಕುಟುಂಬಗಳಲ್ಲಿ ಕಾರಿರುವುದು ಇಬ್ಬರಿಗೆ. ಇಬ್ಬರ ಕಾರಿಗಾಗಿ ಎರಡಂತಸ್ತು ಕಟ್ಟುವುದು ನನಗೆ ಅರ್ಥವಾಗದ ಸಂಗತಿ.

ಅಣ್ಣತಮ್ಮಂದಿರಲ್ಲಿ ಹಿರಿಯರು ನಮ್ಮ ನಕ್ಷೆಯನ್ನು ಇಟ್ಟುಕೊಂಡಿದ್ದಾರೆ, ಬಿಲ್ಡರನದನ್ನೂ ಹಿಂತಿರುಗಿಸಿಲ್ಲ. ಬರುವ ಭಾನುವಾರ ಎಲ್ಲರೂ ಸೇರುತ್ತಿದ್ದಾರೆ. ಧಾಯರಿಯಿಂದ ಅಜ್ಜಿಯನ್ನು ಕರೆತರುವ ಕೆಲಸ ನನ್ನದು. ಕೆಳಮನೆಯ ಚಿತ್ರವನ್ನು ಫೋನಿನಲ್ಲಿ ಕಳಿಸಿದ್ದೆ. ಅವಳ ಮಗ ಮರುದಿನ ಕರೆ ಮಾಡಿ ಎರಡು ಪ್ರಶ್ನೆ ಕೇಳಿದ: ಸ್ನಾನದ ಮನೆಯ ಬಾಗಿಲು ಗಾಲಿಕುರ್ಚಿ ಹೋಗುವಷ್ಟು ಅಗಲವಿದೆಯೇ, ಮತ್ತು ಬಾವಿಯ ಕಟ್ಟೆ ಅವ್ವನ ಬಾಗಿಲಿಗೆ ಎದುರಾಗಿ ಬರುತ್ತದೆಯೇ.