ಎರಡು ಪುಟದ ಅರ್ಜಿ

ನಮ್ಮ ಮದುವೆಯ ಕರೆಯೋಲೆಗಳಲ್ಲಿ ‘ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ’ ಎಂದಿರುತ್ತದೆ. ‘ಸ’ ಎಂದರೂ ಜೊತೆಗೆ, ‘ಸಮೇತ’ ಎಂದರೂ ಜೊತೆಗೆ. ಒಂದೇ ಕರೆಯಲ್ಲಿ ಮೂರು ಸಲ ‘ಜೊತೆಗೆ’! ಮದುವೆಮನೆಯಲ್ಲಿ ಇರಲಿ ಬಿಡಿ, ಅಲ್ಲಿ ಹೋಳಿಗೆಯೂ ಹೆಚ್ಚು, ಮಾತೂ ಹೆಚ್ಚು. ಅರ್ಜಿಯಲ್ಲಿ ಮಾತ್ರ ಈ ದುಂದು ಬಡವರ ಹೊಟ್ಟೆಯ ಮೇಲೆ ಹೊಡೆಯುತ್ತದೆ.

ಈಚೆಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಗಂಡ ತೀರಿಹೋಗಿದ್ದಾನೆ. ವಿಧವಾ ವೇತನ ಮೂರು ತಿಂಗಳಿಂದ ಬಂದಿಲ್ಲ. ಕಚೇರಿಯವರು ಅವಳ ಅರ್ಜಿಯನ್ನು ತಿರುವಿಹಾಕಿ, ‘ನಿಮಗೇನು ಬೇಕಮ್ಮಾ?’ ಎಂದು ಕೇಳಿ ಹಿಂದಿರುಗಿಸಿದರಂತೆ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಸವಿನಯವಾಗಿ ವಿನಂತಿಸಿ ಕೇಳಿಕೊಳ್ಳುವುದೇನೆಂದರೆ’ ಎಂದು ಹೊರಟ ಅರ್ಜಿಯಲ್ಲಿ ಹಣ ನಿಂತ ಸಂಗತಿ ಎರಡನೆಯ ಪುಟದ ಕೊನೆಗಿತ್ತು.

‘ಹೀಗೆ ಬರೆಯೋದು ನಿನಗೆ ಯಾರೇ ಕಲಿಸಿದ್ದು?’ ಎಂದು ರೇಗಿದೆ.

‘ನೀವೇ ಅಲ್ವಾ ಟೀಚರ್?’ ಎಂದಳು.

ನಿಜ, ನಾನೇ. ಒಂದು ಪುಟದ ಪ್ರಬಂಧಕ್ಕೆ ಐದು ಅಂಕ, ಮೂರು ಪುಟದ್ದಕ್ಕೆ ಎಂಟು ಅಂಕ ಹಾಕುತ್ತ ಬಂದವಳು ನಾನು. ಸರ್ವಜ್ಞ ಮೂರೇ ಸಾಲಿನಲ್ಲಿ ಹೇಳಿ ಮುಗಿಸುವುದನ್ನು ಹಾಡಿ ಹೊಗಳಿ, ಮರುಕ್ಷಣವೇ ‘ಇದನ್ನು ಒಂದು ಪುಟಕ್ಕೆ ವಿಸ್ತರಿಸಿ’ ಎಂದವಳೂ ನಾನೇ. ಮಕ್ಕಳು ದಡ್ಡರಲ್ಲ. ‘ಹಿಂದಕ್ಕೆ ವಾಪಸ್’, ‘ಸುಮಾರು ಹತ್ತು ಹನ್ನೆರಡು’ ಎಂದು ನೀರು ಬೆರೆಸಿ ಸಾರು ಹೆಚ್ಚಿಸಿದರು.

ಉದ್ದ ಬರೆದರೆ ವಿನಯವೆಂದು ಕೆಲವರ ವಾದ. ವಿನಯಕ್ಕೆ ‘ದಯವಿಟ್ಟು’ ಒಂದು ಸಾಕು. ಕಚೇರಿಯಿಂದ ಬರುವ ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂಬ ಉತ್ತರವನ್ನೇ ನೋಡಿ. ಯಾರು ಕೈಗೊಳ್ಳುತ್ತಾರೆ, ಯಾವತ್ತು? ಹೆಸರೂ ಇಲ್ಲ, ದಿನವೂ ಇಲ್ಲ. ಅದು ವಿನಯವಲ್ಲ, ನುಣುಚಿಕೊಳ್ಳುವ ದಾರಿ. ಹಾಗೆಂದು ಎರಡು ಸಲ ಹೇಳಿದ್ದೆಲ್ಲ ದಂಡವಲ್ಲ. ‘ಬಿಸಿ ಬಿಸಿ ರೊಟ್ಟಿ’ ಎಂದಾಗ ಎರಡನೆಯ ‘ಬಿಸಿ’ಗೂ ಕೆಲಸವಿದೆ. ಕೆಲಸವಿಲ್ಲದ ಮಾತಿನ ಮೇಲಷ್ಟೇ ನನ್ನ ಸಿಟ್ಟು.

ಆ ಹುಡುಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಹೊಸ ಅರ್ಜಿ ಬರೆಸಿದೆ. ಹೆಸರು, ವಿಳಾಸ, ವೇತನದ ಆದೇಶ ಸಂಖ್ಯೆ, ಯಾವ ತಿಂಗಳಿಂದ ಹಣ ನಿಂತಿದೆ, ಏನು ಮಾಡಿಕೊಡಬೇಕು. ಐದೇ ಸಾಲು.

‘ಇಷ್ಟೇನಾ ಟೀಚರ್? ಅವರು ಬೇಜಾರು ಮಾಡ್ಕೊಳ್ಳಲ್ವಾ?’ ಎಂದು ಅಳುಕಿದಳು.

ಆ ಅಳುಕನ್ನೂ ಕಲಿಸಿದವರು ನಾವೇ. ನಿಮ್ಮ ಮಕ್ಕಳ ಪ್ರಬಂಧಕ್ಕೆ ‘ಇನ್ನೂ ಬರೆಯಬಹುದಿತ್ತು’ ಎಂದು ಯಾವ ಟೀಚರಾದರೂ ಕೆಂಪು ಶಾಯಿಯಲ್ಲಿ ಬರೆದಿದ್ದರೆ, ‘ಯಾವ ಸಂಗತಿ ಬಿಟ್ಟುಹೋಗಿದೆ?’ ಎಂದು ಹೋಗಿ ಕೇಳಿ. ನನ್ನನ್ನೂ ಕೇಳಿ.